ಸಹಕಾರಿ ತೋಟ ಶುರು ಮಾಡುವವರೇ, ಹೊರಗಿನ ಗೊಬ್ಬರ ಹರಡುವ ಮುನ್ನ ಬೀನ್ಸ್ ಬಿತ್ತಿ ನೋಡಿ

ಕೊಂಡ ಗೊಬ್ಬರದಲ್ಲಿ ಉಳಿದ ಕಳೆನಾಶಕದಿಂದ ಹೊಸದಾಗಿ ಕಟ್ಟಿದ ಸಹಕಾರಿ ತೋಟಗಳು ಪೆಟ್ಟು ತಿನ್ನುವ ಬಗೆ ಹೆಚ್ಚುಕಡಿಮೆ ಒಂದೇ. ರಾಸಾಯನಿಕ ಬೇಡ ಎಂದು ಸದಸ್ಯರು ತೀರ್ಮಾನಿಸಿರುತ್ತಾರೆ, ಸ್ವಂತ ಕಾಂಪೋಸ್ಟ್ ಇನ್ನೂ ಕಳಿತಿರುವುದಿಲ್ಲ. ಸಾವಿರ ಚದರ ಮೀಟರ್ ನೆಲಕ್ಕೆ ಎರಡೂವರೆ ಸೆಂಟಿಮೀಟರ್ ದಪ್ಪ ಹರಡಬೇಕೆಂದರೂ 25 ಘನ ಮೀಟರ್ ಗೊಬ್ಬರ ಬೇಕು. ಹಾಗಾಗಿ ಒಂದೇ ಕಡೆಯಿಂದ ಲೋಡುಗಟ್ಟಲೆ ಕೊಟ್ಟಿಗೆ ಗೊಬ್ಬರ ತರಿಸಿ, ಒಂದೇ ವಾರದಲ್ಲಿ ಎಲ್ಲ ಮಡಿಗಳಿಗೂ ಹರಡಿಬಿಡುತ್ತಾರೆ. ನಾಟಿಯಾಗಿ ಎರಡು ಮೂರು ವಾರಕ್ಕೆ ಟೊಮೆಟೊ ಸುಳಿ ಜರೀಗಿಡದ ಕುಡಿಯಂತೆ ಸುರುಳಿ ಸುತ್ತುತ್ತದೆ. ಬೀನ್ಸ್ ಎಲೆ ದೊನ್ನೆಯಾಗುತ್ತದೆ. ಡೇಲಿಯಾ ಕಾಂಡ ತಿರುಚಿಕೊಳ್ಳುತ್ತದೆ. ಪಕ್ಕದ ಮೆಕ್ಕೆಜೋಳ ಮಾತ್ರ ಏನೂ ಆಗದಂತೆ ಸೊಂಪಾಗಿ ನಿಂತಿರುತ್ತದೆ.

ಆ ಮೆಕ್ಕೆಜೋಳವೇ ಸುಳಿವು. ಕ್ಲೋಪೈರಾಲಿಡ್, ಅಮಿನೋಪೈರಾಲಿಡ್, ಪಿಕ್ಲೋರಾಮ್ ಎಂಬ ಕಳೆನಾಶಕಗಳು ಹುಲ್ಲು ಜಾತಿಯನ್ನು (ಮೆಕ್ಕೆಜೋಳವೂ ಅದೇ ಜಾತಿ) ಬಿಟ್ಟು ಅಗಲ ಎಲೆಯ ಕಳೆಗಳನ್ನು ಕೊಲ್ಲುತ್ತವೆ. ಹುಲ್ಲುಗಾವಲಿಗೆ ಸಿಂಪಡಿಸಿದರೆ ಅಂಶ ಮೇವಿನಲ್ಲಿ ಉಳಿಯುತ್ತದೆ, ದನದ ಹೊಟ್ಟೆಯಲ್ಲಿ ಕರಗದೆ ಸಗಣಿ, ಗಂಜಲಕ್ಕೆ ಬರುತ್ತದೆ, ಗೊಬ್ಬರದ ಗುಂಡಿಯಲ್ಲೂ ಪೂರ್ತಿ ಸಾಯುವುದಿಲ್ಲ. ನೂರು ಕೋಟಿ ಪಾಲಿನಲ್ಲಿ ಕೆಲವೇ ಪಾಲು ಇದ್ದರೂ ದ್ವಿದಳ ಬೆಳೆ, ಟೊಮೆಟೊ, ಆಲೂಗಡ್ಡೆ, ಸೂರ್ಯಕಾಂತಿ ವಂಶದ ಹೂಗಳು ಮುರುಟುತ್ತವೆ. 2000ದ ಆಸುಪಾಸಿನಲ್ಲಿ ಅಮೆರಿಕದ ಸ್ಪೋಕೇನ್‌ನ ಕಾಂಪೋಸ್ಟ್‌ನಲ್ಲಿ ಕ್ಲೋಪೈರಾಲಿಡ್ ಸಿಕ್ಕಿತ್ತು. 2008ರಲ್ಲಿ ಬ್ರಿಟನ್ನಿನ ಕೈತೋಟಗಾರರ ದೂರು ಎಷ್ಟು ಹೆಚ್ಚಿತೆಂದರೆ ಅಮಿನೋಪೈರಾಲಿಡ್ ಮಾರಾಟವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು.

ವೈರಸ್ ಎಂದುಕೊಂಡು ಗಿಡ ಕಿತ್ತು, ಅದೇ ಮಡಿಗೆ ಮತ್ತೆ ಸಸಿ ಇಡುವವರೇ ಹೆಚ್ಚು. ವೈರಸ್ ಸಾಮಾನ್ಯವಾಗಿ ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಶುರುವಾಗುತ್ತದೆ. ಪಕ್ಕದ ಹೊಲದ ಸಿಂಪಡಣೆ ಗಾಳಿಯಲ್ಲಿ ಬಂದಿದ್ದರೆ ಆ ಅಂಚಿನಲ್ಲಿ ಜಾಸ್ತಿ, ಒಳಗೆ ಹೋದಂತೆ ಕಡಿಮೆ. ಗೊಬ್ಬರದ ದೋಷವಾದರೆ ಅದನ್ನು ಹಾಕಿದ ಮಡಿಯುದ್ದಕ್ಕೂ ಬೇರೆ ಬೇರೆ ಜಾತಿಯ ಗಿಡಗಳು ಒಟ್ಟಿಗೆ ಕೆಡುತ್ತವೆ, ಗೊಬ್ಬರ ಬೀಳದ ಜಾಗದಲ್ಲಿ ಅವೇ ಗಿಡಗಳು ಚೆನ್ನಾಗಿರುತ್ತವೆ.

ಮಾರುವವರು ಸುಳ್ಳು ಹೇಳಲೇಬೇಕೆಂದಿಲ್ಲ. "55 ಡಿಗ್ರಿಗಿಂತ ಮೇಲೆ ಕಾಯಿಸಿದ ಗೊಬ್ಬರ" ಎನ್ನುವುದು ನಿಜವೇ ಇರಬಹುದು. ಆ ಬಿಸಿಗೆ ಬಹುಪಾಲು ರೋಗಾಣು, ಕಳೆಬೀಜ ಸಾಯುತ್ತವೆ, ಈ ಕಳೆನಾಶಕ ಹೋಗುವುದಿಲ್ಲ. "ನಾವು ಏನೂ ಸಿಂಪಡಿಸಿಲ್ಲ" ಎಂಬುದೂ ಸರಿಯಿರಬಹುದು. ಅವರು ಕೊಂಡ ಮೇವಿಗೆ, ದನದ ಕೆಳಗೆ ಹಾಸಿದ ಹುಲ್ಲಿಗೆ ಯಾರು ಏನು ಹೊಡೆದಿದ್ದರು ಎಂದು ಕೇಳಿ. ಗೊತ್ತಿಲ್ಲ ಎಂದರೆ ಪರೀಕ್ಷೆಯಿಲ್ಲದೆ ಇಳಿಸಿಕೊಳ್ಳಬೇಡಿ. ಗೊಬ್ಬರದ ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಷ್) ವರದಿ ತೋರಿಸಿದರೆ ಅದರಿಂದ ಈ ಪ್ರಶ್ನೆಗೆ ಉತ್ತರ ಸಿಗದು.

ಪರೀಕ್ಷೆ ಸುಲಭ, ತಾಳ್ಮೆ ಮಾತ್ರ ಬೇಕು. ರಾಶಿಯ ಮೇಲ್ಮೈ ಕೆರೆದು ತಂದರೆ ಪ್ರಯೋಜನವಿಲ್ಲ. ಇಪ್ಪತ್ತು ಕಡೆ ಒಳಗಿನಿಂದ ಒಂದೊಂದು ಹಿಡಿ ತೆಗೆದು ಕಲಸಿ. ಎರಡು ಪಾಲು ಗೊಬ್ಬರಕ್ಕೆ ಒಂದು ಪಾಲು ನಂಬಿಕಸ್ಥ ಕುಂಡದ ಮಿಶ್ರಣ ಸೇರಿಸಿ ನಾಲ್ಕಾರು ಸಣ್ಣ ಕುಂಡ ತುಂಬಿಸಿ. ಅಷ್ಟೇ ಕುಂಡಗಳಿಗೆ ಬರೀ ಮಿಶ್ರಣ ಹಾಕಿ. ಪ್ರತಿ ಕುಂಡಕ್ಕೂ ಮೂರು ಬೀನ್ಸ್ ಅಥವಾ ಬಟಾಣಿ ಬೀಜ. ಪ್ರತಿಯೊಂದರ ಕೆಳಗೂ ಬೇರೆ ತಟ್ಟೆ ಇಡಿ. ಒಂದರ ನೀರು ಇನ್ನೊಂದಕ್ಕೆ ಹರಿದರೆ ಹೋಲಿಕೆ ಕೆಟ್ಟಿತು. ಎಲ್ಲಕ್ಕೂ ಒಂದೇ ಬಿಸಿಲು, ಒಂದೇ ನೀರು. ಮೊಳಕೆ ಬಂತೆಂದು ಸಂಭ್ರಮಿಸಿ ನಿಲ್ಲಿಸಬೇಡಿ, ಮೊದಲ ಎಲೆಗಳು ನೆಟ್ಟಗೇ ಇರಬಹುದು. ಮೂರು ಜೊತೆ ಎಲೆ ಬರುವವರೆಗೆ, ಅಂದರೆ ಎರಡು ಮೂರು ವಾರ ಕಾಯಿರಿ. ಹೊಸ ಎಲೆಯ ಅಂಚು ಒಳಗೆ ಮಡಚಿ ನರಗಳು ಒತ್ತೊತ್ತಾಗಿ ಕಂಡರೆ ಆ ಲೋಡು ಬೇಡ. ಎರಡೂ ಗುಂಪಿನಲ್ಲಿ ಹಾಗೆ ಕಂಡರೆ ಮಿಶ್ರಣವೇ ಸರಿಯಿಲ್ಲ. ಎಲೆಯಂಚು ಸುಟ್ಟಂತಾಗಿ ಗಿಡ ಕುಳ್ಳಗಾದರೆ ಅದು ಉಪ್ಪಿನಂಶ ಇರಬಹುದು, ಬೇರೆ ಸಮಸ್ಯೆ.

ಒಬ್ಬರ ಹಿತ್ತಲಾದರೆ ನಷ್ಟ ಒಬ್ಬರದು. ಇಲ್ಲಿ ಮುಂಗಡ ಕೊಟ್ಟ ತರಕಾರಿ ಚಂದಾದಾರರು, ಹೂವಿಗೆ ಕಾಯುವವರು, ದುಡಿದ ಸದಸ್ಯರು, ಎಲ್ಲರ ಪಾಲೂ ಒಂದೇ ರಾಶಿಯ ಮೇಲೆ ನಿಂತಿರುತ್ತದೆ. ಆದ್ದರಿಂದ ಖರೀದಿ ನಿಯಮವನ್ನು ಬರೆದಿಡಿ: ಪ್ರತಿ ಲೋಡಿಗೂ ಒಂದು ಸಂಖ್ಯೆ, ಯಾವ ಮಡಿಗೆ ಹೋಯಿತೆಂಬ ನಕ್ಷೆ, ಮುಚ್ಚಿಟ್ಟ ಒಂದೆರಡು ಕಿಲೋ ಮಾದರಿ, ಕುಂಡ ನೋಡಿ ಸಹಿ ಹಾಕುವ ಇಬ್ಬರು. ಬೇರೆ ಬೇರೆ ಲೋಡುಗಳನ್ನು ಒಂದೇ ರಾಶಿಗೆ ಸುರಿಯಬೇಡಿ. ಮಾದರಿಯಿಲ್ಲದೆ ಪರಿಹಾರ ಕೇಳಲು ಹೋದರೆ ನಿಮ್ಮ ನೀರಾವರಿಯನ್ನೇ ದೂರಿ ಕಳಿಸುತ್ತಾರೆ.

ಈಗಾಗಲೇ ಹರಡಿಬಿಟ್ಟಿದ್ದರೆ ಮೇಲಿರುವಷ್ಟನ್ನು ಕೂಡಲೇ ಕೆರೆದು ತೆಗೆಯಿರಿ. ಮಣ್ಣಲ್ಲಿ ಬೆರೆತದ್ದನ್ನು ಕರಗಿಸುವುದು ಸೂಕ್ಷ್ಮಜೀವಿಗಳು. ಮಣ್ಣನ್ನು ಆಗಾಗ ತಿರುವಿ, ತೇವ ಕಾಪಾಡಿ. ಬೇಸಿಗೆಯ ಬೆಚ್ಚಗಿನ ಮಣ್ಣಲ್ಲಿ ಬೇಗ, ಚಳಿಯಲ್ಲಿ ನಿಧಾನ. ತಿಂಗಳುಗಳೂ ಆಗಬಹುದು, ಎರಡು ಮೂರು ವರ್ಷವೂ ಹಿಡಿಯಬಹುದು. ಅಷ್ಟರವರೆಗೆ ಮೆಕ್ಕೆಜೋಳ ಅಥವಾ ಹುಲ್ಲು ಬೆಳೆಯಿರಿ. ಅದರ ದಂಟನ್ನು ನಿಮ್ಮ ಕಾಂಪೋಸ್ಟ್ ಗುಂಡಿಗೂ ಹಾಕಬೇಡಿ, ದನಕ್ಕೂ ಕೊಡಬೇಡಿ. ಮುಂದಿನ ನಾಟಿಗೆ ಒಂದು ತಿಂಗಳು ಮುಂಚೆ ಪ್ರತಿ ಮಡಿಯ ಮಣ್ಣನ್ನೂ ಬೇರೆಬೇರೆಯಾಗಿ ಕುಂಡಕ್ಕೆ ತುಂಬಿ ಬೀನ್ಸ್ ಹಾಕಿ. ಎಲೆ ಚಪ್ಪಟೆಯಾಗಿ ಬಿಚ್ಚಿದ ಮಡಿಗೆ ಮಾತ್ರ ಟೊಮೆಟೊ ಇಳಿಸಿ.