ಜಾಹೀರಾತು ನೆಟ್‌ವರ್ಕ್ ನಂಬಿ ಕೆಟ್ಟೆ, ನೀವು ಕೆಡಬೇಡಿ

ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆಯುತ್ತಿದ್ದೇನೆ, ಆಮೇಲೆ ಬರೆದರೆ ಎಲ್ಲಾ ಮೆತ್ತಗಾಗಿಬಿಡುತ್ತದೆ.

ನಾಲ್ಕು ತಿಂಗಳು ಒಂದು ಜಾಹೀರಾತು ನೆಟ್‌ವರ್ಕಿನ, ಅಂದರೆ ಸೈಟುಗಳಿಗೆ ಜಾಹೀರಾತು ತಂದು ಹಾಕುವ ಕಂಪನಿಯ, ಕೋಡ್ ನನ್ನ ಸೈಟಿನಲ್ಲಿತ್ತು. ಅವರ ಡ್ಯಾಶ್‌ಬೋರ್ಡಿನಲ್ಲಿ ನನ್ನ ಹೆಸರಿಗೆ 214 ಡಾಲರ್ ತೋರಿಸುತ್ತಿತ್ತು. ಕೈಗೆ ಬಂದದ್ದು ಏನೂ ಇಲ್ಲ. ದುಡ್ಡು ಹೋದರೆ ಹೋಗಲಿ. ನನ್ನನ್ನು ನಂಬಿ ಓದಲು ಬಂದವರ ಫೋನಿಗೆ ನನ್ನ ಕೈಯಾರೆ ಕಸ ಸುರಿದೆನಲ್ಲ, ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ನನ್ನದು ಗಿಡಗಳ ಬಗ್ಗೆ ಬರೆಯುವ ಸಣ್ಣ ಸೈಟ್. ಓದುವವರಲ್ಲಿ ಜಾಸ್ತಿ ಜನ ವಯಸ್ಸಾದವರು, ಫೋನಿನಲ್ಲೇ ಓದುವವರು. ಗೂಗಲ್‌ನ ಜಾಹೀರಾತು ಸೇವೆ ಆಡ್‌ಸೆನ್ಸ್ ಇತ್ತು, ಆದರೆ ಅದರಿಂದ ಹೋಸ್ಟಿಂಗ್ ಖರ್ಚು ಹುಟ್ಟುವುದೇ ಕಷ್ಟವಾಗಿತ್ತು. ಆಗ ಒಂದು ಮೇಲ್ ಬಂತು. ಕಳಿಸಿದವನು ತಾನು ಆ ನೆಟ್‌ವರ್ಕಿನ ಅಕೌಂಟ್ ಮ್ಯಾನೇಜರ್ ಅಂದ. ನನ್ನ ಎರಡು ಬರಹಗಳ ಹೆಸರು ಹೇಳಿ ಹೊಗಳಿದ್ದ. ನೋಡುಗರು ಎಷ್ಟೇ ಇರಲಿ ಪರವಾಗಿಲ್ಲ, ಹತ್ತು ನಿಮಿಷದಲ್ಲಿ ಅಪ್ರೂವಲ್, ಸಿಪಿಎಂ, ಅಂದರೆ ಜಾಹೀರಾತು ಸಾವಿರ ಸಲ ತೋರಿಸಿದ್ದಕ್ಕೆ ಸಿಗುವ ದುಡ್ಡು, ಇಷ್ಟೇ ಅಂತ ಗ್ಯಾರಂಟಿ, ಫಿಲ್ ರೇಟ್ 100 ಪರ್ಸೆಂಟ್.

ಅಲ್ಲೇ ನಿಲ್ಲಬೇಕಿತ್ತು. ಫಿಲ್ ರೇಟ್ ಅಂದರೆ ಜಾಹೀರಾತು ಕೇಳಿದಷ್ಟು ಸಲದಲ್ಲಿ ನಿಜವಾಗಿ ಎಷ್ಟು ಸಲ ಸಿಕ್ಕಿತು ಅನ್ನುವ ಲೆಕ್ಕ. ಆ ಕ್ಷಣಕ್ಕೆ ಕೊಳ್ಳುವ ಜಾಹೀರಾತುದಾರ ಇದ್ದರೆ ಜಾಗ ತುಂಬುತ್ತದೆ, ಇಲ್ಲದಿದ್ದರೆ ಖಾಲಿ ಉಳಿಯುತ್ತದೆ. ಪ್ರತಿ ಸಲವೂ ತುಂಬಿಸುತ್ತೇನೆ ಅಂದರೆ ಏನರ್ಥ? ಒಳ್ಳೆಯದು ಸಿಗದಾಗ ಸಿಕ್ಕಿದ್ದನ್ನು ತುರುಕುತ್ತೇನೆ ಅಂತ. ಆಗ ನನಗೆ ಹೊಳೆಯಲಿಲ್ಲ. 100 ಅನ್ನುವ ಅಂಕಿ ನೋಡಿ ಖುಷಿಪಟ್ಟೆ.

ವಿಚಾರಿಸದೇ ಏನೂ ಸೇರಲಿಲ್ಲ. ನಾಲ್ಕೈದು ವಿಮರ್ಶೆ ಓದಿದೆ. ಎಲ್ಲರೂ "ದುಡ್ಡು ಸರಿಯಾಗಿ ಬರುತ್ತದೆ" ಅಂತಲೇ ಬರೆದಿದ್ದರು, ಸ್ಕ್ರೀನ್‌ಶಾಟ್ ಬೇರೆ. ಎಲ್ಲದರ ಕೊನೆಯಲ್ಲೂ ಒಂದು ಲಿಂಕ್ ಇತ್ತು. ಈಗ ಹೋಗಿ ನೋಡಿದರೆ ಅಷ್ಟೂ ರೆಫರಲ್ ಲಿಂಕ್. ಆ ಲಿಂಕಿನಿಂದ ನಾನು ಸೇರಿದರೆ ಬರೆದವರಿಗೆ ಕಮಿಷನ್. ಹಾಗಿದ್ದ ಮೇಲೆ ಕೆಟ್ಟದ್ದು ಯಾಕೆ ಬರೆಯುತ್ತಾರೆ?

ಸೇರಿದ ಮೇಲೆ ಆ ಮ್ಯಾನೇಜರ್ ಮೂರು ಕೆಲಸ ಹೇಳಿದ. ಒಂದು, ಅವರ ಟ್ಯಾಗ್, ಅಂದರೆ ಜಾಹೀರಾತು ತರುವ ಕೋಡ್, ಹಾಕುವುದು. ಅದು ಸರಿ, ಎಲ್ಲಾ ಕಡೆ ಇರುವುದೇ. ಎರಡು, ಒಂದು ಸಣ್ಣ ಜಾವಾಸ್ಕ್ರಿಪ್ಟ್ ಫೈಲನ್ನು ಸೈಟಿನ ರೂಟ್ ಫೋಲ್ಡರಿಗೆ, ಅಂದರೆ ಎಲ್ಲಕ್ಕಿಂತ ಮೇಲಿನ ಮುಖ್ಯ ಫೋಲ್ಡರಿಗೆ, ಹಾಕುವುದು. ಯಾಕೆ ಅಂತ ಕೇಳಿದರೆ "ವೆರಿಫಿಕೇಶನ್‌ಗೆ" ಅಂದ. ಅದು ವೆರಿಫಿಕೇಶನ್ ಫೈಲ್ ಆಗಿರಲಿಲ್ಲ. ಅದು ಸರ್ವಿಸ್ ವರ್ಕರ್, ಬ್ರೌಸರಿನಲ್ಲಿ ಹಿಂದೆ ಕೂತು ಕೆಲಸ ಮಾಡುವ ಕೋಡ್. ನೋಟಿಫಿಕೇಶನ್ ಕಳಿಸಬಹುದಾ ಅಂತ ಬ್ರೌಸರ್ ಕೇಳಿದಾಗ ಓದುಗರು ಅಲೋ ಅಂತ ಒತ್ತಿದರೆ, ಅವರು ನನ್ನ ಪುಟ ಮುಚ್ಚಿ ಹೋದ ಮೇಲೂ ನನ್ನ ಸೈಟಿನ ಹೆಸರಿನಲ್ಲೇ ನೋಟಿಫಿಕೇಶನ್ ಕಳಿಸುತ್ತಿರಲು ಬೇಕಾದ ಫೈಲ್ ಅದು.

ಮೂರನೆಯದು ಆಡ್ಸ್.ಟಿಎಕ್ಸ್‌ಟಿ (ads.txt). ನನ್ನ ಸೈಟಿನ ಜಾಹೀರಾತು ಜಾಗವನ್ನು ಯಾರು ಮಾರಬಹುದು ಅಂತ ನಾನು ಎಲ್ಲರಿಗೂ ಕಾಣುವ ಹಾಗೆ ಬರೆದಿಡುವ ಪಟ್ಟಿ ಅದು. ಯಾರ್‍ಯಾರೋ ದೊಡ್ಡ ಸೈಟುಗಳ ಹೆಸರು ಹೇಳಿ ನಕಲಿ ಜಾಗ ಮಾರುವುದನ್ನು ತಡೆಯಲು ಆನ್‌ಲೈನ್ ಜಾಹೀರಾತಿಗೆ ಮಾನದಂಡ ರೂಪಿಸುವ ಐಎಬಿ ಟೆಕ್ ಲ್ಯಾಬ್ ಸಂಸ್ಥೆ 2017ರಲ್ಲಿ ತಂದ ಪದ್ಧತಿ. ಒಂದೊಂದು ಸಾಲಿನಲ್ಲಿ ನೆಟ್‌ವರ್ಕಿನ ಡೊಮೇನ್, ಅಲ್ಲಿನ ಅಕೌಂಟ್ ನಂಬರ್, ಆಮೇಲೆ ಡೈರೆಕ್ಟ್ (ಆ ಅಕೌಂಟ್ ನೇರವಾಗಿ ನನ್ನದು) ಅಥವಾ ರೀಸೆಲ್ಲರ್ (ನಡುವೆ ಮಾರುವವರದ್ದು) ಅನ್ನುವ ಪದ. ಇವನು ಕಳಿಸಿದ್ದು ಮುನ್ನೂರಕ್ಕೂ ಜಾಸ್ತಿ ಸಾಲು. ಎಲ್ಲಾ ರೀಸೆಲ್ಲರ್. ನಾನು ಸೇರಿದ್ದು ಇವರ ಜೊತೆ, ಆದರೆ ಇವರ ಹೆಸರಿನಲ್ಲಿ ಒಂದೇ ಒಂದು ಡೈರೆಕ್ಟ್ ಸಾಲು ಇಲ್ಲ! ಅಂದರೆ ಮುಖ ಮೂತಿ ನೋಡಿರದ ಮುನ್ನೂರು ಜನಕ್ಕೆ "ನನ್ನ ಅಂಗಳ ಮಾರಿಕೊಳ್ಳಿ" ಅಂತ ಒಪ್ಪಿಗೆ ಕೊಟ್ಟ ಹಾಗೆ. ಕಾಪಿ ಮಾಡಿದೆ, ಪೇಸ್ಟ್ ಮಾಡಿದೆ, ಸೇವ್ ಮಾಡಿದೆ. ಒಂದು ಸಾಲನ್ನೂ ಓದಲಿಲ್ಲ.

ದುಡ್ಡು ಏರತೊಡಗಿತು. ಮೊದಲ ದಿನವೇ ಮೂರು ಡಾಲರ್ ಹತ್ತಿರ. "ಅಪ್ರೂವ್ಡ್ ಬ್ಯಾಲೆನ್ಸ್" ಅಂತ ಹಸಿರು ಅಕ್ಷರದಲ್ಲಿ ಬರುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಅದನ್ನೇ ನೋಡುತ್ತಿದ್ದೆ.

ಮೂರನೇ ವಾರ ವಯಸ್ಸಾದ ಅಮ್ಮ ಒಬ್ಬರು ಮೇಲ್ ಬರೆದರು. "ದಾಸವಾಳಕ್ಕೆ ಹಿಟ್ಟು ತಿಗಣೆ ಬಂದಿದೆ, ನೀವು ಬರೆದದ್ದು ಓದೋಣ ಅಂತ ತೆಗೆದೆ. ಎರಡು ಸಾಲು ಓದುವಷ್ಟರಲ್ಲಿ ನಿಮ್ಮ ಫೋನಿಗೆ ವೈರಸ್ ಬಂದಿದೆ ಅಂತ ಕೆಂಪು ಪುಟ ಬಂತು. ಫೋನ್ ಗರ್ ಗರ್ ಅಂತ ನಡುಗಿತು. ಹಿಂದೆ ಹೋಗೋಣ ಅಂದರೆ ಬಿಡಲಿಲ್ಲ. ಹೆದರಿಕೆಯಾಗಿ ಆಫ್ ಮಾಡಿಬಿಟ್ಟೆ."

ನಾನು ಏನು ಉತ್ತರ ಕೊಟ್ಟೆ ಗೊತ್ತಾ? "ಅಮ್ಮಾ, ಅದು ನಿಮ್ಮ ಫೋನಿನ ತೊಂದರೆ ಇರಬೇಕು. ಮನೆಯಲ್ಲಿ ಯಾರಿಗಾದರೂ ತೋರಿಸಿ."

ಹೌದು, ಹಾಗೇ ಬರೆದೆ. ಅವರು ಪಾಪ "ಆಯ್ತು, ಮಗನಿಗೆ ತೋರಿಸ್ತೀನಿ" ಅಂದರು.

ಆಮೇಲೆ ಇನ್ನೊಬ್ಬರು ಬರೆದರು. ಮತ್ತೊಬ್ಬರು ಬರೆದರು. ನಾನು ಲ್ಯಾಪ್‌ಟಾಪಿನಲ್ಲಿ ತೆಗೆದು ನೋಡಿದೆ, ಏನೂ ಇಲ್ಲ. ಹತ್ತು ಸಲ ತೆಗೆದೆ, ಏನೂ ಇಲ್ಲ. ಮ್ಯಾನೇಜರನ್ನು ಕೇಳಿದೆ. ಅವನ ಉತ್ತರ: "ನಮ್ಮ ಜಾಹೀರಾತುಗಳು ಶೇಕಡಾ ನೂರು ಶುದ್ಧ. ನಿಮ್ಮ ಸೈಟಿಗೆ ಮಾಲ್‌ವೇರ್ ಸೇರಿರಬಹುದು, ಹೋಸ್ಟಿಂಗ್‌ನವರನ್ನು ಕೇಳಿ." ಅದನ್ನೂ ನಂಬಿದೆ. ಎರಡು ರಾತ್ರಿ ಕೂತು ಒಂದೊಂದೇ ಪ್ಲಗಿನ್ ತೆಗೆದು, ಹಾಕಿ, ಪಾಸ್‌ವರ್ಡ್‌ಗಳನ್ನೆಲ್ಲ ಬದಲಾಯಿಸಿದೆ.

ಮೂರನೇ ರಾತ್ರಿ ಫೋನಿನಲ್ಲಿ ವೈಫೈ ಆಫ್ ಮಾಡಿ, ಇನ್‌ಕಾಗ್ನಿಟೋದಲ್ಲಿ ಅದೇ ದಾಸವಾಳದ ಪುಟ ತೆಗೆದೆ. ಎಲೆಯ ಅಡಿಯಲ್ಲಿ ಹತ್ತಿಯ ಹಾಗೆ ಬಿಳಿ ಮೆತ್ತಿಕೊಂಡಿರುವ ಫೋಟೋ, ಅದರ ಕೆಳಗೆ ಮೊದಲ ಪ್ಯಾರಾ. ಬೆರಳಿಂದ ಸ್ವಲ್ಪ ಮೇಲಕ್ಕೆ ಸರಿಸಿದೆ ಅಷ್ಟೇ. ಪುಟ ಹೋಯಿತು. ಕೆಂಪು ಪರದೆ. ಅಂಗೈಯಲ್ಲಿ ಫೋನ್ ಗರ್ ಗರ್ ಅಂತ ನಡುಗಿತು. ಬ್ಯಾಕ್ ಒತ್ತಿದೆ, ಅಲ್ಲೇ ನಿಂತಿತು. ಮತ್ತೆ ಒತ್ತಿದೆ, ಅಲ್ಲೇ. ಅಮ್ಮ ಬರೆದದ್ದು ಅಕ್ಷರ ಅಕ್ಷರ ನಿಜ.

ಟ್ಯಾಗ್ ತೆಗೆದೆ, ನಿಂತಿತು. ಮತ್ತೆ ಹಾಕಿ, ಹೊಸ ಇನ್‌ಕಾಗ್ನಿಟೋದಲ್ಲಿ ತೆಗೆದೆ, ಬಂತು. ಅನುಮಾನಕ್ಕೆ ಜಾಗವೇ ಇರಲಿಲ್ಲ. ಇಂಥ ರೀಡೈರೆಕ್ಟ್, ಅಂದರೆ ಓದುವವರನ್ನು ತಾನಾಗಿ ಬೇರೆ ಪುಟಕ್ಕೆ ಎಳೆದೊಯ್ಯುವುದು, ಎಲ್ಲರಿಗೂ ಎಲ್ಲಾ ಹೊತ್ತಿಗೂ ಬರುವುದಿಲ್ಲ. ಮೊಬೈಲಿನವರಿಗೆ ಮಾತ್ರ, ಒಬ್ಬರಿಗೆ ದಿನಕ್ಕೆ ಒಂದೇ ಸಲ, ಹೀಗೆಲ್ಲ ಕಟ್ಟಿರುತ್ತಾರೆ. ಸೈಟಿನ ಯಜಮಾನ ಲ್ಯಾಪ್‌ಟಾಪಿನಲ್ಲಿ ದಿನಕ್ಕೆ ಇಪ್ಪತ್ತು ಸಲ ತನ್ನ ಸೈಟ್ ನೋಡಿದರೂ ಅವನ ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ಸೈಟಿನಲ್ಲಿ ಯಾವ ನೆಟ್‌ವರ್ಕ್ ಇದ್ದರೂ ಸರಿ, ವಾರಕ್ಕೊಮ್ಮೆ ಫೋನಿನಲ್ಲಿ, ವೈಫೈ ಬಿಟ್ಟು, ಇನ್‌ಕಾಗ್ನಿಟೋದಲ್ಲಿ ನೋಡಿ. ದಯವಿಟ್ಟು ನೋಡಿ.

ನನಗೇ ಈಗ ಹೇಳಲು ಕಷ್ಟವಾಗುವುದು ಇದು: ಅಷ್ಟೆಲ್ಲಾ ಗೊತ್ತಾದ ಮೇಲೂ ನಾನು ಟ್ಯಾಗ್ ತೆಗೆದು ಹೊರಬರಲಿಲ್ಲ. ರೀಡೈರೆಕ್ಟ್ ಆಗುವ ಜಾಹೀರಾತು ನಿಲ್ಲಿಸಿ ಅಂದೆ, ನಿಲ್ಲಿಸಿದ್ದೇವೆ ಅಂದ, ಬ್ಯಾನರ್ ಮಾತ್ರ ಉಳಿಸಿಕೊಂಡೆ. ಯಾಕೆಂದರೆ ಬ್ಯಾಲೆನ್ಸ್ 90 ದಾಟಿತ್ತು, 100ಕ್ಕೆ ಪೇಔಟ್, ಅಂದರೆ ದುಡ್ಡು ಕೈಗೆ. ಬಿಟ್ಟುಹೋದರೆ ಅಷ್ಟೂ ಹೋಗುತ್ತದಲ್ಲ ಅನ್ನುವ ಆಸೆ. ಆ ಆಸೆಯ ಮೇಲೇ ಇವರ ವ್ಯಾಪಾರ ನಿಂತಿದೆ.

100 ದಾಟಿದ ದಿನ ಪೇಔಟ್ ಕೇಳಿದೆ. "ಬ್ಯಾಂಕ್ ವರ್ಗಾವಣೆಗೆ ಈಗ ಕನಿಷ್ಠ 200" ಅಂತ ಉತ್ತರ. ಸೇರುವಾಗ 100 ಇತ್ತಲ್ಲ ಅಂದರೆ, "ನಿಯಮ ಬದಲಾಗಿದೆ, ಪುಟದಲ್ಲಿ ಹಾಕಿದ್ದೇವೆ." ನೆಟ್ 30 ಅಂದಿದ್ದವರು, ಅಂದರೆ ತಿಂಗಳು ಮುಗಿದ ಮೂವತ್ತು ದಿನಕ್ಕೆ ಕೊಡುತ್ತೇವೆ ಅಂದಿದ್ದವರು, ನೆಟ್ 60 ಮಾಡಿದ್ದರು. ಕಾದೆ. 214 ಆಯಿತು. ಮತ್ತೆ ಕೇಳಿದೆ.

ಎರಡು ದಿನ ಬಿಟ್ಟು ಡ್ಯಾಶ್‌ಬೋರ್ಡ್ ತೆಗೆದರೆ 11.60.

ಮೊದಲು ಬೇರೆ ಯಾರದ್ದೋ ಅಕೌಂಟ್ ತೆರೆದಿದೆ ಅಂದುಕೊಂಡೆ. ರಿಫ್ರೆಶ್ ಮಾಡಿದೆ. 11.60. ಅದೇ ಹಸಿರು ಅಕ್ಷರ. ಲಾಗೌಟ್ ಆಗಿ ಲಾಗಿನ್ ಆದೆ. 11.60.

ಕೇಳಿದೆ. "ನಮ್ಮ ಟ್ರಾಫಿಕ್ ಕ್ವಾಲಿಟಿ ತಂಡ ಪರಿಶೀಲಿಸಿದೆ. ನಿಮ್ಮ ಟ್ರಾಫಿಕ್‌ನಲ್ಲಿ ಹೆಚ್ಚಿನದು ಇನ್‌ವ್ಯಾಲಿಡ್."

ಯಾವ ದಿನದ್ದು, ಯಾವ ಪುಟದ್ದು, ಎಷ್ಟು ಇಂಪ್ರೆಷನ್, ಅಂದರೆ ಜಾಹೀರಾತು ಎಷ್ಟು ಸಲ ತೋರಿಸಿದ್ದು, ಅಂತ ಕೇಳಿದೆ. "ಭದ್ರತೆಯ ಕಾರಣಕ್ಕೆ ವಿವರ ಕೊಡಲಾಗುವುದಿಲ್ಲ."

ನಾಲ್ಕು ತಿಂಗಳು ಪ್ರತಿದಿನ ನೀವೇ ಅಪ್ರೂವ್ಡ್ ಅಂತ ತೋರಿಸಿದಿರಲ್ಲ ಅಂದೆ. "ಅದು ಅಂದಾಜು."

ಅಂದಾಜಿಗೆ ಅಪ್ರೂವ್ಡ್ ಅಂತ ಯಾಕೆ ಬರೆದಿರಿ ಅಂದೆ. ಅದಕ್ಕೆ ಉತ್ತರ ಬರಲಿಲ್ಲ. ಮಾರನೇ ದಿನ ಬಂದದ್ದು ಇದು: "ಚಿಂತೆ ಬೇಡ, ಪ್ರಿಯ ಪಾರ್ಟ್‌ನರ್. ಪಾಪ್‌ಅಂಡರ್ ಟ್ಯಾಗ್ ಮತ್ತೆ ಹಾಕಿದರೆ ಬ್ಯಾಲೆನ್ಸ್ ಬೇಗ ಏರುತ್ತದೆ." ಪಾಪ್‌ಅಂಡರ್ ಅಂದರೆ ಓದುವ ಪುಟದ ಹಿಂದೆ ಬೇರೆ ಕಿಟಕಿಯಲ್ಲಿ ತೆರೆದುಕೊಳ್ಳುವ ಜಾಹೀರಾತು. ಓದಿ ಕೈ ನಡುಗಿತು. ಪ್ರಿಯ ಪಾರ್ಟ್‌ನರ್ ಅಂತೆ!

ಒಂದು ಮಾತು ನ್ಯಾಯವಾಗಿ ಹೇಳಬೇಕು. ಇನ್‌ವ್ಯಾಲಿಡ್ ಟ್ರಾಫಿಕ್ ಅನ್ನುವುದು ನಿಜವಾಗಿಯೂ ಇದೆ. ಮನುಷ್ಯರಲ್ಲದ, ತಾನಾಗಿ ಓಡುವ ಬಾಟ್ ಪ್ರೋಗ್ರಾಮ್‌ಗಳು ಬರುತ್ತವೆ, ಯಾರೋ ಬೇಕಂತ ಕ್ಲಿಕ್ ಮಾಡುತ್ತಾರೆ. ಆಡ್‌ಸೆನ್ಸ್ ಕೂಡ ಕಡಿತ ಮಾಡುತ್ತದೆ. ಆದರೆ ಅಲ್ಲಿ 100 ಡಾಲರ್ ದಾಟಿದರೆ ಮುಂದಿನ ತಿಂಗಳ 21ರಿಂದ 26ರ ಒಳಗೆ ಕೊಡುವ ಪದ್ಧತಿ ಇದೆ, ಕಡಿತ ಆದದ್ದು ಲೆಕ್ಕದ ಪುಟದಲ್ಲಿ ಕಾಣುತ್ತದೆ. ಇವರು ಕಡಿದದ್ದು ದುಡ್ಡು ಕೇಳಿದ ಮೇಲೆ, ನಾಲ್ಕು ತಿಂಗಳದ್ದನ್ನು ಒಟ್ಟಿಗೆ, ಮಿತಿಗಿಂತ ಕೆಳಗೆ ಬೀಳುವಷ್ಟು. ಅದು ಪರಿಶೀಲನೆ ಅಲ್ಲ, ಮೋಸ.

ಹೊರಬಂದ ಮೇಲೂ ಮುಗಿಯಲಿಲ್ಲ. ಸೈಟಿನ ಯಜಮಾನರಿಗಾಗಿ ಗೂಗಲ್ ಇಟ್ಟಿರುವ ಸರ್ಚ್ ಕನ್ಸೋಲಿನಲ್ಲಿ ಸೆಕ್ಯುರಿಟಿ ಇಶ್ಯೂ ಬಂತು. ಕ್ರೋಮ್ ನನ್ನ ಸೈಟಿನ ಮುಂದೆ ಅಪಾಯದ ಕೆಂಪು ಪುಟ ಹಾಕಿತು. ಈ ಸಲದ್ದು ನಿಜವಾದ ಎಚ್ಚರಿಕೆ, ಮತ್ತು ಅದು ನನ್ನ ಬಗ್ಗೆಯೇ. ಎಲ್ಲಾ ತೆಗೆದು ರಿವ್ಯೂ ಕೇಳಿ ಒಂಬತ್ತು ದಿನ ಕಾದೆ. ನೋಟಿಫಿಕೇಶನ್ ಮಾತ್ರ ನಿಲ್ಲಲಿಲ್ಲ. ಟ್ಯಾಗ್ ತೆಗೆದರೂ ಅಲೋ ಒತ್ತಿದವರ ಬ್ರೌಸರಿನಲ್ಲಿ ಆ ಸರ್ವಿಸ್ ವರ್ಕರ್ ಕೂತಿತ್ತು. ಕೊನೆಗೆ ತಿಳಿದವರೊಬ್ಬರು ಅದೇ ಹೆಸರಿನಲ್ಲಿ, ತನ್ನನ್ನು ತಾನೇ ತೆಗೆದುಹಾಕಿಕೊಳ್ಳುವ ಕೋಡ್ ಇರುವ ಬೇರೆ ಫೈಲ್ ಬರೆದುಕೊಟ್ಟರು.

ಸೇರುವ ಮೊದಲು ನೆಟ್‌ವರ್ಕಿನ ಡೊಮೇನ್ ಮುಂದೆ /sellers.json ಅಂತ ಹಾಕಿ ಸೆಲ್ಲರ್ಸ್.ಜೇಸನ್ ಫೈಲ್ ಇದೆಯಾ ನೋಡಿ. ಯಾರ ಜಾಗ ಮಾರುತ್ತೇವೆ ಅಂತ ಅವರು ಬರೆದಿಡುವ ಪಟ್ಟಿ ಅದು, 2019ರಿಂದ ಇದೆ. ಇವರದ್ದು ತೆಗೆದರೆ 404, ಅಂದರೆ ಅಂಥ ಪುಟವೇ ಇಲ್ಲ. ನಾನು ನೋಡಿದ್ದು ಎಲ್ಲಾ ಮುಗಿದ ಮೇಲೆ. ರೂಟ್ ಫೋಲ್ಡರಿಗೆ ಫೈಲ್ ಹಾಕಿ ಅಂದರೆ ಬೇಡ ಅನ್ನಿ. ಮೊದಲ ಪೇಔಟ್ ಕೈಗೆ ಬರುವ ತನಕ ಒಂದೇ ಪುಟದಲ್ಲಿ ಹಾಕಿ ನೋಡಿ, ಇಡೀ ಸೈಟ್ ಕೊಡಬೇಡಿ. ಶರತ್ತಿನ ಪುಟವನ್ನು ಸೇರುವ ದಿನವೇ ಸೇವ್ ಮಾಡಿಟ್ಟುಕೊಳ್ಳಿ. ಹಾಗೆ ಇಟ್ಟಿದ್ದರೆ 100 ಹೇಗೆ 200 ಆಯಿತು ಅಂತ ತೋರಿಸಬಹುದಿತ್ತು.

ನನ್ನ ಸೈಟಿನಲ್ಲಿ ಅಲೋ ಒತ್ತಿದವರು ಇದನ್ನು ಓದುತ್ತಿದ್ದರೆ: ಫೋನಿನ ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಅಲ್ಲಿ ಸೈಟ್ ಸೆಟ್ಟಿಂಗ್ಸ್, ಅಲ್ಲಿ ನೋಟಿಫಿಕೇಶನ್ಸ್. ನನ್ನ ಸೈಟಿನ ಹೆಸರು ಹುಡುಕಿ ಬ್ಲಾಕ್ ಮಾಡಿ. ಕ್ಷಮಿಸಿ.

ಆ ಅಮ್ಮನಿಗೂ ಬರೆದೆ. ತಪ್ಪು ನಿಮ್ಮ ಫೋನಿನದ್ದಲ್ಲ, ನನ್ನದು ಅಂತ ಎಲ್ಲಾ ಬಿಡಿಸಿ ಹೇಳಿದೆ. ಸಂಜೆ ಉತ್ತರ ಬಂತು. "ಆಗಲಿ ಬಿಡಿ. ಬೇವಿನ ಎಣ್ಣೆ ಎಷ್ಟು ಹಾಕಬೇಕು ಅಂತ ಓದುವ ಮೊದಲೇ ಪುಟ ಹೋಗಿತ್ತು. ಅದೊಂದು ಹೇಳಿ." ಒಂದು ಲೀಟರ್ ನೀರಿಗೆ ಐದು ಎಂಎಲ್, ಜೊತೆಗೆ ಎರಡು ಹನಿ ಸೋಪಿನ ದ್ರವ, ಬಿಸಿಲು ಇಳಿದ ಮೇಲೆ ಎಲೆಯ ಅಡಿಗೆ ಸಿಂಪಡಿಸಿ ಅಂತ ಬರೆದು ಕಳಿಸಿದೆ.