ಹಾಬಿಟ್ ಮೊದಲೋ, ರಿಂಗ್ಸ್ ಮೊದಲೋ?

ಆಷಾಢದ ಜಡಿಮಳೆಯಲ್ಲಿ ಶಿರಸಿ ಕಡೆ ಕರೆಂಟನ್ನು ನಂಬುವಂತಿಲ್ಲ. ಹಾಗಾಗಿ 'ಹಾಬಿಟ್', 'ಲಾರ್ಡ್ ಆಫ್ ದ ರಿಂಗ್ಸ್' ಬರೆದ ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರ ಲೋಕಕ್ಕೆ ಹೊಸದಾಗಿ ಕಾಲಿಡುವವರು ಮೊದಲು ಸಿನಿಮಾಗಳ ಅವಧಿ ನೋಡಿಕೊಳ್ಳುವುದು ಒಳ್ಳೆಯದು.

'ಲಾರ್ಡ್ ಆಫ್ ದ ರಿಂಗ್ಸ್'ನ ಮೂರು ಚಿತ್ರಗಳು (2001–2003) ಥಿಯೇಟರ್ ಆವೃತ್ತಿಯಲ್ಲಿ 178, 179 ಮತ್ತು 201 ನಿಮಿಷ. ಉದ್ದದ ಆವೃತ್ತಿಯಲ್ಲಿ ಪ್ರತಿಯೊಂದಕ್ಕೂ ಕನಿಷ್ಠ ಅರ್ಧ ಗಂಟೆ ಸೇರುತ್ತದೆ. ಯಕ್ಷಗಾನದ ಲೆಕ್ಕದಲ್ಲಿ ಥಿಯೇಟರ್ ಆವೃತ್ತಿ ಕಾಲಮಿತಿ, ಉದ್ದದ್ದು ಬೆಳಗಿನವರೆಗಿನ ಆಟ. ಹೊಸಬರಿಗೆ ಕಾಲಮಿತಿಯೇ ಸಾಕು. ಒಂದೇ ಕೊರತೆ: ದುಷ್ಟ ಮಾಂತ್ರಿಕ ಸರುಮಾನನ ಅಂತ್ಯ ಕಾಣಬೇಕೆಂದರೆ ಮೂರನೆಯ ಚಿತ್ರದ ಉದ್ದದ ಆವೃತ್ತಿಯೇ ಬೇಕು.

'ಹಾಬಿಟ್' ಕತೆ ಬೇರೆ. 1937ರ ಆ ಪುಸ್ತಕ ಮಕ್ಕಳಿಗಾಗಿ ಬರೆದದ್ದು, ಒಂದೇ ಸಂಪುಟ. ಅದನ್ನೇ ಹಿಗ್ಗಿಸಿ ಮೂರು ಚಿತ್ರ (2012–2014) ಮಾಡಿದರು. ಹಿಗ್ಗಿಸಲು ಪುಸ್ತಕದಲ್ಲಿಲ್ಲದ ಟೌರಿಯಲ್ ಬಂದಳು, ಅವಳ ಜೊತೆಗೊಂದು ಪ್ರೇಮವೂ ಬಂತು. ಕೊನೆಯ ಚಿತ್ರದಲ್ಲಂತೂ ಯುದ್ಧ ಮುಗಿಯುವುದೇ ಇಲ್ಲ. ಇಲ್ಲಿ ಪುಸ್ತಕವೇ ಮೇಲು. ಮಕ್ಕಳಿಗೆ ದಿನಕ್ಕೊಂದು ಅಧ್ಯಾಯ ಓದಿ ಹೇಳಿದರೆ 19 ದಿನಕ್ಕೆ ಮುಗಿಯುತ್ತದೆ.

ರಿಂಗ್ಸ್‌ಗೆ ಮಾತ್ರ ಸಿನಿಮಾ ಮೊದಲಿರಲಿ. ಪುಸ್ತಕದ ಆರಂಭ ನಿಧಾನ: 'ಹಾಬಿಟ್'ನ ನಾಯಕ ಬಿಲ್ಬೋನ ಹುಟ್ಟುಹಬ್ಬಕ್ಕೂ ಇಲ್ಲಿಯ ನಾಯಕ ಫ್ರೋಡೋ ಊರು ಬಿಡುವುದಕ್ಕೂ ನಡುವೆ 17 ವರ್ಷ. ಚಿತ್ರ ಅದನ್ನು ಸರ್ರನೆ ದಾಟಿಸುತ್ತದೆ, ಪುಸ್ತಕದ ಟಾಮ್ ಬಾಂಬಡಿಲ್ ಎಂಬ ಪಾತ್ರವನ್ನು ಪೂರ್ತಿ ಕೈಬಿಡುತ್ತದೆ. ಆಮೇಲೆ ಪುಸ್ತಕ ಹಿಡಿದಾಗ ಹೆಸರುಗಳ ಗೊಂದಲ ಇರುವುದಿಲ್ಲ.

ಲೇಖಕರ ಬದುಕು ತಿಳಿದಿದ್ದರೆ ಒಂದು ದೃಶ್ಯ ಬೇರೆಯೇ ಆಗಿ ಕಾಣುತ್ತದೆ. ರಿಂಗ್ಸ್‌ನ ಎರಡನೆಯ ಚಿತ್ರದಲ್ಲಿ ಜೌಗಿನ ನೀರಿನಡಿಯಿಂದ ಸತ್ತವರ ಮುಖಗಳು ದಿಟ್ಟಿಸುತ್ತವಲ್ಲ, ಆ ನೆಲಕ್ಕೆ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ನಡೆದ 1916ರ ಸೋಮ್ ಕದನದ ಋಣವಿದೆ ಎಂದು ಟೋಲ್ಕಿನ್ ಪತ್ರವೊಂದರಲ್ಲಿ ಒಪ್ಪಿಕೊಂಡಿದ್ದಾರೆ. ಆ ಕದನದಲ್ಲಿದ್ದ ಅವರು ಹೇನಿನಿಂದ ಹರಡುವ ಕಂದಕ ಜ್ವರ (ಟ್ರೆಂಚ್ ಫೀವರ್) ಹಿಡಿದು ಊರಿಗೆ ಮರಳಿದ್ದರು.