ದಾದರಿನ ಎರಡು ದಿನದ ಟೀಚರ್ ಟ್ರೈನಿಂಗ್: ಐದಕ್ಕೆ ಮೂರು ಸ್ಟಾರ್

ನಾನು ಮುಂಬೈ ಹತ್ರ ಡೊಂಬಿವಲಿ ಕಡೆ ಕನ್ನಡ ಮೀಡಿಯಂ ಟೀಚರ್. 2020ರ ಶಿಕ್ಷಣ ನೀತಿಲಿ ವರ್ಷಕ್ಕೆ 50 ಗಂಟೆ ಟ್ರೈನಿಂಗ್ ಅಂತ ಇದೆಯಲ್ಲ, ಅದನ್ನ ಹಿಡ್ಕೊಂಡು ನಮ್ಮ ಹೆಡ್‌ಮಿಸ್ ದಿನಾ ತಲೆ ತಿಂತಿದ್ರು. ಸರ್ಕಾರದ ದೀಕ್ಷಾ ಆ್ಯಪಲ್ಲಿ ಫ್ರೀ ಕೋರ್ಸ್ ಇದೆ ನಿಜ, ಆದ್ರೆ ನಾನು ವಿಡಿಯೋ ಓಡಿಸಿ ಪಕ್ಕದಲ್ಲಿ ಬೀನ್ಸ್ ಹೆಚ್ಚೋಳು, ತಲೆಗೆ ಏನೂ ಹೋಗಲ್ಲ. ಅದಕ್ಕೆ 1,800 ರೂಪಾಯಿ ಕಟ್ಟಿ ದಾದರ್ ಹತ್ರ ಒಂದು ಕಡೆ ಶನಿವಾರ-ಭಾನುವಾರದ ಬ್ಯಾಚಿಗೆ ಸೇರ್ಕೊಂಡೆ. ಭಾನುವಾರ ಸೆಂಟ್ರಲ್ ಲೈನಲ್ಲಿ ಮೆಗಾ ಬ್ಲಾಕ್ (ರಿಪೇರಿಗೆ ಅಂತ ಲೋಕಲ್ ಟ್ರೈನ್ ಕಮ್ಮಿ ಮಾಡೋದು) ಇರುತ್ತೆ ಅಂತ ಗೊತ್ತಿದ್ದೂ ಅವತ್ತೇ ಕ್ಲಾಸ್ ಇಡ್ತಾರಲ್ಲ, ಇವ್ರು ಮುಂಬೈಯವ್ರೇನಾ?

ಮೊದಲ್ನೇ ದಿನ ಟೆಕ್ನಾಲಜಿ. ಗೂಗಲ್ ಫಾರ್ಮಲ್ಲಿ ಟೆಸ್ಟ್ ಮಾಡೋದು, ಆನ್ಸರ್ ಕೀ ಹಾಕಿದ್ರೆ ಅದೇ ಮಾರ್ಕ್ ಕೊಡುತ್ತೆ, ಇದೆಲ್ಲ ಚೆನ್ನಾಗಿ ತೋರಿಸಿದ್ರು. ನಾನೂ ಖುಷಿಯಿಂದ ಹತ್ತು ವರ್ಷದ ಪ್ರಶ್ನೆಪತ್ರಿಕೆ ಪೆನ್‌ಡ್ರೈವಲ್ಲಿ ಹೊತ್ಕೊಂಡು ಹೋಗಿದ್ದೆ, ಎಲ್ಲಾ ಹಳೇ 'ನುಡಿ' ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದು, ಪೇಸ್ಟ್ ಮಾಡಿದ್ರೆ ಪೂರ್ತಿ ಇಂಗ್ಲಿಷ್ ಅಕ್ಷರದ ಕಸ! ಸರ್‌ನ ಕೇಳಿದ್ರೆ "ಫಾಂಟ್ ಚೇಂಜ್ ಮಾಡಿ ಮೇಡಂ" ಅಂದ್ರು. ಫಾಂಟ್ ಬದ್ಲಾಯ್ಸಿದ್ರೆ ಆಗೋ ಕೆಲ್ಸ ಅಲ್ಲ ಅದು, ಒಳಗಿರೋ ಕೋಡೇ ಬೇರೆ, ಮೊದ್ಲು ಕನ್ವರ್ಟರಲ್ಲಿ ಹಾಕಿ ಯೂನಿಕೋಡ್, ಅಂದ್ರೆ ಎಲ್ಲಾ ಕಡೆ ಓದೋಕೆ ಬರೋ ಕೋಡ್, ಮಾಡ್ಕೋಬೇಕು. ಇದನ್ನ ಹೇಳಿಕೊಟ್ಟಿದ್ದು ಪಕ್ಕದಲ್ಲಿ ಕೂತಿದ್ದ ವಡಾಲದ ಟೀಚರ್, ಅದೂ ಟೀ ಬ್ರೇಕಲ್ಲಿ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿಯವರು ಕನ್ನಡದಲ್ಲೂ ಪುಸ್ತಕ ಪ್ರಿಂಟ್ ಮಾಡೋ ರಾಜ್ಯದಲ್ಲಿ ಟ್ರೈನಿಂಗ್ ಕೊಡೋರಿಗೆ ಇಷ್ಟೂ ಗೊತ್ತಿರ್ಬಾರ್ದಾ? ಎರಡು ಸ್ಟಾರ್ ಕಟ್ ಆಗಿದ್ದು ಇಲ್ಲೇ. ಊಟ ಪರ್ವಾಗಿಲ್ಲ.

ಎರಡ್ನೇ ದಿನ ಕಮ್ಯುನಿಕೇಶನ್ ಅಂದಾಗ ಟೈ ಕಟ್ಕೊಂಡು ಇಂಗ್ಲಿಷ್ ಮಾತಾಡ್ಸ್ತಾರೆ ಅನ್ಕೊಂಡಿದ್ದೆ, ಹಾಗಾಗ್ಲಿಲ್ಲ. ಬಂದಿದ್ದ ಮೇಡಂ ಮೊದ್ಲಿಗೇ ನಮ್ಮ ಫೋನ್ ತೆಗೆಸಿ, ಪೇರೆಂಟ್ಸ್‌ಗೆ ಕೊನೇ ಕಳ್ಸಿದ ಮೆಸೇಜ್ ಜೋರಾಗಿ ಓದಿ ಅಂದ್ರು. ನಂದು: "ನಿಮ್ಮ ಮಗ ಓದೋದೇ ಇಲ್ಲ, ಬಂದು ಭೇಟಿಯಾಗಿ." ಓದ್ತಾ ಓದ್ತಾ ನನಗೇ ನಾಚಿಕೆ ಆಯ್ತು ಮಾರಾಯ್ರೆ. ಏನು ಬರಲ್ಲ, ಮನೇಲಿ ಏನು ಮಾಡಿಸ್ಬೇಕು, ಯಾವಾಗ ಬರ್ಬೇಕು, ಒಂದೂ ಇಲ್ಲ ಅದ್ರಲ್ಲಿ. ಇನ್ನೊಂದು, ಮಾರ್ಕ್ಸ್ ವಿಷ್ಯ ವಾಟ್ಸಾಪ್ ಗ್ರೂಪಲ್ಲಿ ಹಾಕ್ಲೇಬೇಡಿ ಅಂದ್ರು. ಎಲ್ರಿಗೂ ಹೇಳೋ ನೋಟೀಸಿಗೆ ಬ್ರಾಡ್‌ಕಾಸ್ಟ್ ಲಿಸ್ಟ್ ಸಾಕಂತೆ, ಒಬ್ರ ನಂಬರ್ ಇನ್ನೊಬ್ರಿಗೆ ಕಾಣಲ್ಲ. ಆದ್ರೆ ನಮ್ಮ ನಂಬರ್ ಸೇವ್ ಮಾಡ್ಕೊಂಡೋರಿಗೆ ಮಾತ್ರ ಹೋಗುತ್ತೆ, ಇಷ್ಟು ದಿನ ನಾವು ಬ್ರಾಡ್‌ಕಾಸ್ಟಲ್ಲಿ ಕಳ್ಸಿದ ನೋಟೀಸ್ ಅರ್ಧ ಜನಕ್ಕೆ ಯಾಕೆ ಮುಟ್ತಿರ್ಲಿಲ್ಲ ಅಂತ ಅವತ್ತು ತಿಳೀತು.

ಓದೋಕೆ ಟೈಮಿಲ್ದೇ ಇರೋ ಪೇರೆಂಟ್ಸ್‌ಗೆ ವಾಯ್ಸ್ ಮೆಸೇಜ್ ಕಳ್ಸಿ ಅಂತಾನೂ ಆ ಮೇಡಂ ಅಂದಿದ್ರು. ಮಂಗಳವಾರ ಹೋಟೆಲಲ್ಲಿ ಕೆಲ್ಸ ಮಾಡೋ ಒಬ್ಬ ಅಪ್ಪನಿಗೆ ಒಂದು ನಿಮಿಷದ್ದು ಕಳ್ಸಿದೆ, ನಿಮ್ಮ ಮಗನಿಗೆ ಭಾಗಾಕಾರ ಮಾತ್ರ ಬರಲ್ಲ, ಗುಣಾಕಾರದಲ್ಲಿ ಜೋರಿದ್ದಾನೆ ಅಂತ. ಮೂರು ವರ್ಷದಲ್ಲಿ ಒಮ್ಮೆಯೂ ಉತ್ರ ಕೊಡದ ಮನುಷ್ಯ ರಾತ್ರಿ ಹನ್ನೆರಡಕ್ಕೆ ತುಳುವಲ್ಲೇ ವಾಪಸ್ ವಾಯ್ಸ್ ಕಳ್ಸಿದ್ರು, ಹಿಂದ್ಗಡೆ ಕಾವಲಿ ಚುಂಯ್ ಅಂತಿತ್ತು.